ಶಿರಸಿಗೆ ಬರುವ ಮೊದಲು ಜುಲೈನಲ್ಲಿ ಇದ್ದು ನೋಡಿ

ವರ್ಕ್ ಫ್ರಮ್ ಹೋಮ್ ಸಿಕ್ಕಿದೆ, ವಯಸ್ಸಾದ ಅಪ್ಪ-ಅಮ್ಮನ ಜೊತೆ ಇರಲು ಬೆಂಗಳೂರು ಬಿಟ್ಟು ಶಿರಸಿ ಕಡೆಯ ಊರಿಗೆ ಬರಲಾ ಅಂತ ಕೇಳಿದ್ದೀರಿ. ಬನ್ನಿ. ಆದರೆ ಮೇ ತಿಂಗಳ ಹಲಸಿನಹಣ್ಣು ನೋಡಿ ತೀರ್ಮಾನ ಮಾಡಬೇಡಿ. ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹರಿದರೆ ಕರೆಂಟ್ ಹೋಗುತ್ತದೆ, ಅದರ ಹಿಂದೆಯೇ ಟವರ್ ಕೂಡ. ಫೈಬರ್ ಮನೆವರೆಗೆ ಬಂದಿದೆಯಾ ವಿಚಾರಿಸಿ, ದೊಡ್ಡ ಇನ್ವರ್ಟರ್ ಹಾಕಿಸಿ.

ನಿಜವಾದ ಕೊರತೆ ಆಸ್ಪತ್ರೆಯದು. ನಮ್ಮ ಉತ್ತರ ಕನ್ನಡ ಜಿಲ್ಲೆಗೆ ಒಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಕೊಡಿ ಅಂತ ಜನ ವರ್ಷಗಳಿಂದ ಕೇಳುತ್ತಿದ್ದಾರೆ. ದೊಡ್ಡ ಕಾಯಿಲೆಯೆಂದರೆ ಸುಮಾರು 100 ಕಿ.ಮೀ. ದೂರದ ಹುಬ್ಬಳ್ಳಿಗೋ, ಇನ್ನೂ ಆಚೆ ಮಣಿಪಾಲಕ್ಕೋ ಓಡಬೇಕು. ಆಗ ಕಾರು ತೆಗೆಯಲು ಮನೆಯಲ್ಲಿ ನೀವಿರುತ್ತೀರಲ್ಲ, ನನ್ನ ಲೆಕ್ಕದಲ್ಲಿ ಅದೇ ದೊಡ್ಡ ಲಾಭ. ಪಕ್ಕದ ಮನೆಯವರೂ ಕರೆಯದೇ ಬರುತ್ತಾರೆ, ‘ಕೆಲಸ ಹೋಯ್ತಾ?’ ಅಂತ ಕೇಳುವವರೂ ಅವರೇ! ಹಾಂ, ತೋಟದಲ್ಲಿ ಅಡಿಕೆ ಕೊನೆಕೊಯ್ಲಿನ ದಿನ ಮೀಟಿಂಗ್ ಇದೆ ಅಂದರೆ ಅಪ್ಪ ನಂಬುವುದಿಲ್ಲ, ರಜೆ ಉಳಿಸಿಕೊಳ್ಳಿ.