ಮೂರೂ ‘ಅಬ್ಬಿ’ ಆದರೆ ಭಿಕ್ಷುಗಳ ಮಠ ಯಾವುದು?
ಐರ್ಲೆಂಡಿನ ಮಕ್ರಾಸ್, ಕ್ವಿನ್, ಜರ್‌ಪಾಯಿಂಟ್ ಮಠಗಳ ಚಿತ್ರಗಳು ಕಲಸಿಹೋಗಿವೆ, ಮೂರಕ್ಕೂ ‘ಅಬ್ಬಿ’ (abbey, ಕ್ರೈಸ್ತ ಮಠ) ಎಂದೇ ಹೆಸರು, ಭಿಕ್ಷುಗಳದ್ದನ್ನು ಗುರುತಿಸುವುದು ಹೇಗೆ ಎಂದು ಕೇಳಿದ್ದೀರಿ. ಗೊಂದಲದ ಮೂಲ ಹೆಸರುಗಳಲ್ಲೇ ಇದೆ. ಐರ್ಲೆಂಡಿನಲ್ಲಿ ಹಾಳುಬಿದ್ದ ಮಠ ಯಾವ ಪಂಥದ್ದಾದರೂ ಜನರ ಬಾಯಲ್ಲಿ ‘ಅಬ್ಬಿ’ಯೇ. ನೀವು ಹೆಸರಿಸಿದವುಗಳಲ್ಲಿ ಮಕ್ರಾಸ್ ಮತ್ತು ಕ್ವಿನ್ 15ನೇ ಶತಮಾನದ ಫ್ರಾನ್ಸಿಸ್ಕನ್ ಭಿಕ್ಷುಗಳವು (ಜನರ ನಡುವೆ ಉಪದೇಶ ಮಾಡುತ್ತ ಭಿಕ್ಷೆಯಿಂದ ಬದುಕುತ್ತಿದ್ದ ಕ್ರೈಸ್ತ ಸನ್ಯಾಸಿಗಳು), ಜರ್‌ಪಾಯಿಂಟ್ ಮಠದೊಳಗೇ ಬಾಳುತ್ತಿದ್ದ ಸಿಸ್ಟರ್ಷಿಯನ್ ಸನ್ಯಾಸಿಗಳದು.

ಕಲಸಿಹೋದ ಚಿತ್ರಗಳಲ್ಲಿ ಮೊದಲು ಗೋಪುರ ನೋಡಿ. ಉದ್ದನೆಯ ಚರ್ಚಿನ ನಡುವೆ, ಜನ ನಿಲ್ಲುವ ಭಾಗಕ್ಕೂ ಬಲಿಪೀಠದ ಭಾಗಕ್ಕೂ ಮಧ್ಯೆ, ಸಣಕಲಾಗಿ ಎದ್ದಿದ್ದರೆ ಬಹುಮಟ್ಟಿಗೆ ಭಿಕ್ಷುಗಳದ್ದೇ. ಮಕ್ರಾಸ್ ಮಾತ್ರ ಇಲ್ಲಿ ಕೈಕೊಡುತ್ತದೆ: ಅದರ ಗೋಪುರ ಚರ್ಚಿನಷ್ಟೇ ಅಗಲ.

ಆಮೇಲೆ ಕಮಾನುಸಾಲಿನ ಒಳಾಂಗಣ. ಬಲಿಪೀಠದ ಹಿಂದಿನ ದೊಡ್ಡ ಕಿಟಕಿ ಪೂರ್ವಕ್ಕಿರುತ್ತದೆ. ಅದಕ್ಕೆ ಮುಖ ಮಾಡಿದಾಗ ಅಂಗಳ ಎಡಕ್ಕಿದ್ದರೆ ಭಿಕ್ಷುಗಳು, ಬಲಕ್ಕಿದ್ದರೆ ಸಿಸ್ಟರ್ಷಿಯನ್ನರು. ಇದು ವಾಡಿಕೆಯೇ ಹೊರತು ಕಟ್ಟಳೆಯಲ್ಲ. ಅನುಮಾನವಿದ್ದರೆ ಮೇಲೆ ನೋಡಿ. ಅಂಗಳದ ಸುತ್ತಲಿನ ಓಣಿಯ ಮೇಲೆಯೇ ಮಾಳಿಗೆಯ ಕೋಣೆಗಳು ಬಂದಿದ್ದರೆ ಭಿಕ್ಷುಗಳ ಕಡೆಗೇ ತೂಕ ಹೆಚ್ಚು.

ಅಂಗಳದ ನಟ್ಟನಡುವೆ ಯೂ (yew) ಎಂಬ ಭಾರಿ ನಿತ್ಯಹಸಿರು ಮರವಿರುವುದು ಮಕ್ರಾಸ್. ಮೂಲೆಯಲ್ಲಿ ದಪ್ಪ ದುಂಡು ಬುರುಜಿನ ಬುಡ ಕಾಣುವುದು ಕ್ವಿನ್. ಅದನ್ನು ಹಳೆಯ ನಾರ್ಮನ್ ಕೋಟೆಯ ಮೇಲೆ ಕಟ್ಟಿದರು. ಕಮಾನುಕಂಬಗಳ ನಡುವೆ ಯೋಧರು, ಸಂತರು ಕೆತ್ತಿದ್ದರೆ ಅದು ಜರ್‌ಪಾಯಿಂಟ್. ಬೇರೆ ಊರಿನ ಚಿತ್ರವಾದರೆ, ಫ್ರಾನ್ಸಿಸ್ಕನ್ನರದೋ ಭಿಕ್ಷುಗಳ ಇನ್ನೊಂದು ಪಂಥವಾದ ಡೊಮಿನಿಕನ್ನರದೋ ಎಂದು ಕಲ್ಲು ನೋಡಿಯಷ್ಟೇ ಹೇಳುವುದು ಕಷ್ಟ. ಚಿತ್ರದ ಜೊತೆ ಊರಿನ ಹೆಸರೂ ಬರೆಯಿರಿ.