ಬೋರ್‌ವೆಲ್ ನೀರಲ್ಲಿ ಅಬಲೋನ್ ಮರಿ ಆಗುತ್ತಾ?

ಪ್ರಶ್ನೆ: ಸರ್, ನಮ್ದು ಮದ್ದೂರು ಹತ್ರ ಹಳ್ಳಿ, ಬೋರ್ ನೀರು ಸ್ವಲ್ಪ ಉಪ್ಪುಪ್ಪು, ಕಬ್ಬಿಗೂ ಅಷ್ಟಕ್ಕಷ್ಟೆ. ಅಬಲೋನ್ ಅನ್ನೋ ಸಮುದ್ರದ ಬಸವನಹುಳದ ಜಾತಿ ಚಿಪ್ಪುಜೀವಿಗೆ ಭಾರಿ ರೇಟು ಅಂತ ವಿಡಿಯೋಲಿ ನೋಡ್ದೆ, ಟ್ಯಾಂಕ್ ಕಟ್ಟಿ ಇಲ್ಲೇ ಮರಿ ಮಾಡ್ಬೋದಾ?

ಉತ್ತರ: ಆಗಲ್ಲ ಸ್ವಾಮಿ, ದುಡ್ಡು ಹಾಕ್ಬೇಡಿ. ಅದಕ್ಕೆ ಲೀಟರಿಗೆ 30ರಿಂದ 35 ಗ್ರಾಂ ಉಪ್ಪಿರೋ ಶುದ್ಧ ಸಮುದ್ರದ ನೀರೇ ಬೇಕು, ಬೋರ್ ನೀರಿಗೆ ಅಂಗಡಿ ಉಪ್ಪು ಸುರಿದ್ರೆ ಸಮುದ್ರ ಆಗೋದಿಲ್ಲ.

ಕೆಲ್ಸ ಹೆಂಗೆ ಅಂತ ಹೇಳ್ತೀನಿ, ಕೇಳಿ. ಮೊಟ್ಟೆ ಒಡೆದು ಬಂದ ಲಾರ್ವಾ, ಅಂದ್ರೆ ಎಳೇ ಮರಿ, ಕೆಲವು ದಿನ ಏನೂ ತಿನ್ನದೆ ಮೊಟ್ಟೆಯಿಂದ ಬಂದ ಆಹಾರದ ಬಲದಲ್ಲೇ ಈಜಾಡುತ್ತೆ, ಆಮೇಲೆ ಕೂರೋಕೆ ಜಾಗ ಹುಡುಕುತ್ತೆ. ಅಷ್ಟೊತ್ತಿಗೆ ಪ್ಲಾಸ್ಟಿಕ್ ಶೀಟುಗಳನ್ನ ನೀರಲ್ಲಿ ನಿಲ್ಲಿಸಿ ಅದರ ಮೇಲೆ ಡಯಾಟಮ್ ಅನ್ನೋ ಸೂಕ್ಷ್ಮ ಪಾಚಿ ಬೆಳೆಸಿರ್ಬೇಕು, ನೋಡೋಕೆ ಬಚ್ಚಲುಮನೆ ಗೋಡೆ ಲೋಳೆ ತರ ಕಂದು ಬಣ್ಣ. ಇಲ್ಲೇ ಇರೋದು ಫಜೀತಿ, ಪದರ ತೆಳುವಾದ್ರೆ ಮರಿ ಹಸಿದು ಸಾಯುತ್ತೆ, ದಪ್ಪ ಆದ್ರೆ ಕಿತ್ತು ಬಿದ್ದು ನೀರು ಕೆಡುತ್ತೆ, ಅದಕ್ಕೇ ನೆರಳುಬಲೆ ಎಳೆದು ತೆಗೆದು ಬೆಳಕು ಅಡ್ಜಸ್ಟ್ ಮಾಡ್ತಾನೇ ಇರ್ಬೇಕು. ಜಾಸ್ತಿ ಮರಿ ಸಾಯೋದೂ ಕೂತ ಮೊದಲ ವಾರಗಳಲ್ಲೇ.

ಕೆಲವು ಮಿಲಿಮೀಟರ್ ಬೆಳೆದ್ಮೇಲೆ ಕಡಲಪಾಚಿ ಇಲ್ಲಾ ಪೆಲೆಟ್ ಅನ್ನೋ ಗುಳಿಗೆ ಮೇವು ಹಾಕ್ಬೇಕು. ಶೀಟಿಂದ ಚಾಕು ಹಾಕಿ ಕೀಳಂಗಿಲ್ಲ, ಪಾದಕ್ಕೆ ಗಾಯ ಆದ್ರೆ ರಕ್ತ ಹೆಪ್ಪುಗಟ್ಟಲ್ಲ, ಹೋಯ್ತು. ಮಾರೋ ಸೈಜಿಗೆ ಇನ್ನೂ ವರ್ಷಗಟ್ಲೆ ಕಾಯ್ಬೇಕು, ವಿಡಿಯೋದವರು ಇದನ್ನ ಯಾಕೋ ಹೇಳೋದೇ ಇಲ್ಲ!

ನೀವು ಮೊದ್ಲು ನೀರು ಟೆಸ್ಟ್ ಮಾಡ್ಸಿ, ರಿಪೋರ್ಟ್ ತಗೊಂಡು ಮೀನುಗಾರಿಕೆ ಇಲಾಖೆ ಆಫೀಸಲ್ಲಿ ಕಾಟ್ಲಾ, ರೋಹು ಮೀನಿನ ಮರಿಗೆ ಸರಿಹೋಗುತ್ತಾ ಅಂತ ಕೇಳಿ.