ಮಗಳ ಪ್ರಯೋಗಕ್ಕೆ ತಾಯಿ ಎಷ್ಟು ಕೈ ಹಚ್ಚಬೇಕು?

ಸಿಂಧನೂರು ತಾಲ್ಲೂಕಿನ ಹಳ್ಳಿಯೊಂದರಿಂದ ಓದುಗರೊಬ್ಬರು ಬರೆದಿರುವ ಪತ್ರದ ಸಾರ ಇಷ್ಟು: ಅವರ ಮಗಳು ಐದನೇ ತರಗತಿಯಲ್ಲಿ ಓದುತ್ತಿದ್ದಾಳೆ. ಇನ್ನು ಮೂರು ವಾರಕ್ಕೆ ಶಾಲೆಯಲ್ಲಿ ವಿಜ್ಞಾನ ವಸ್ತು ಪ್ರದರ್ಶನವಿದೆ. ಕಳೆದ ವರ್ಷ ಅಂಗಡಿಯಿಂದ ತಂದ ಥರ್ಮಾಕೋಲಿನ ಜ್ವಾಲಾಮುಖಿಯನ್ನು ಮನೆಯವರೇ ಜೋಡಿಸಿಕೊಟ್ಟಿದ್ದರು. ನೋಡಲು ಬಂದವರು ಅದರ ಬಗ್ಗೆ ಕೇಳಿದಾಗ ಹುಡುಗಿ ತಲೆ ತಗ್ಗಿಸಿ ನಿಂತಳಂತೆ. “ನಾನು ಹತ್ತನೇ ತರಗತಿಯವರೆಗೆ ಮಾತ್ರ ಓದಿದವಳು. ಈ ಸಲ ಅವಳಿಗೆ ಹೇಗೆ ನೆರವಾಗಲಿ, ಎಷ್ಟು ನೆರವಾದರೆ ಸರಿ?” ಎಂದು ಅವರು ಕೇಳಿದ್ದಾರೆ.

ಪ್ರಿಯ ಸಹೋದರಿ,

ಮಗಳು ತಲೆ ತಗ್ಗಿಸಿದ್ದನ್ನು ನೀವು ಅವಳ ದಡ್ಡತನವೆಂದು ತಿಳಿಯದೆ, ನೆರವಿನ ರೀತಿಯಲ್ಲೇ ಏನೋ ತಪ್ಪಿದೆ ಎಂದು ಯೋಚಿಸಿದ್ದು ನನಗೆ ಬಹಳ ಹಿಡಿಸಿತು. ಅಂಗಡಿಯ ಜ್ವಾಲಾಮುಖಿಯಲ್ಲಿ ಉಕ್ಕುವುದು ಅಡುಗೆ ಸೋಡಾ ಮತ್ತು ವಿನೆಗರ್ ಬೆರೆತಾಗ ಹುಟ್ಟುವ ಇಂಗಾಲದ ಡೈಆಕ್ಸೈಡ್. ನಿಜವಾದ ಜ್ವಾಲಾಮುಖಿಯಲ್ಲಿ ಉಕ್ಕುವುದು ನೆಲದಾಳದ ಕರಗಿದ ಕಲ್ಲು, ಅದರೊಳಗೆ ಸಿಕ್ಕಿಕೊಂಡ ಅನಿಲಗಳ ಒತ್ತಡದಿಂದ. ಹೀಗೆ ಆ ಮಾದರಿ ಜ್ವಾಲಾಮುಖಿಯ ಬಗ್ಗೆಯೂ ಹೆಚ್ಚೇನನ್ನೂ ಹೇಳುವುದಿಲ್ಲ, ಹುಡುಗಿ ಕಂಡುಕೊಳ್ಳುವುದಕ್ಕೂ ಅದರಲ್ಲಿ ಏನೂ ಉಳಿದಿರುವುದಿಲ್ಲ. ತಾನು ಕಂಡುಕೊಳ್ಳದೆ ಇದ್ದುದನ್ನು ಯಾವ ಮಗುವೂ ಬಾಯಿ ತುಂಬ ಹೇಳಲಾರದು.

ಆದ್ದರಿಂದ ಮಾದರಿಯನ್ನು ಬಿಟ್ಟು, ಉತ್ತರ ಗೊತ್ತಿಲ್ಲದ ಒಂದು ಪ್ರಶ್ನೆಯನ್ನು ಹಿಡಿಯಿರಿ. ನಿಮ್ಮ ಊರಿನ ಸುತ್ತಲೇ ಅಂಥದ್ದೊಂದು ಪ್ರಶ್ನೆ ಬಿದ್ದಿದೆ. 1953ರಲ್ಲಿ ಪೂರ್ಣಗೊಂಡ ತುಂಗಭದ್ರಾ ಅಣೆಕಟ್ಟೆಯ ಎಡದಂಡೆ ಕಾಲುವೆ ಗಂಗಾವತಿ, ಸಿಂಧನೂರು, ಮಾನ್ವಿಯ ಹೊಲಗಳನ್ನು ಹಸಿರು ಮಾಡಿತು. ಆದರೆ ವರ್ಷಗಟ್ಟಲೆ ನೀರು ನಿಲ್ಲಿಸಿದ ಕಡೆ, ಬಸಿಯಲು ದಾರಿಯಿಲ್ಲದ ಎರೆ ಭೂಮಿಯಲ್ಲಿ, ಅಡಿಯ ನೀರು ಮೇಲೇರಿ ಬಂದು, ಬಿಸಿಲಿಗೆ ಆರಿ, ತನ್ನೊಳಗಿನ ಉಪ್ಪನ್ನು ನೆಲದ ಮೇಲೆ ಬಿಟ್ಟುಹೋಯಿತು. ಹೊಲದ ತಗ್ಗಿನಲ್ಲಿ ಸುಣ್ಣ ಚೆಲ್ಲಿದಂತೆ ಬೆಳ್ಳಗೆ ಕಾಣುವ ಸವಳನ್ನು ನಿಮ್ಮ ಮಗಳು ಶಾಲೆಗೆ ಹೋಗುವಾಗ ನೋಡಿರಬಹುದು. ಅಲ್ಲಿ ಬಿತ್ತಿದ ಕಾಳು ಏಕೆ ಸರಿಯಾಗಿ ಏಳುವುದಿಲ್ಲ, ನೀರಿನಲ್ಲಿ ಎಷ್ಟು ಉಪ್ಪಿದ್ದರೆ ಜೋಳ ಮೊಳೆಯುವುದಕ್ಕೆ ಅಡ್ಡಿಯಾಗುತ್ತದೆ ಎಂಬುದನ್ನು ಐದನೇ ತರಗತಿಯ ಹುಡುಗಿ ಐದು ತಟ್ಟೆಗಳಲ್ಲಿ ತಾನೇ ನೋಡಬಹುದು.

ಮೊದಲ ತಟ್ಟೆಗೆ ಶುದ್ಧ ಕುಡಿಯುವ ನೀರು. ಎರಡನೆಯದಕ್ಕೆ ಲೀಟರಿಗೆ ಅರ್ಧ ಚಮಚ ಉಪ್ಪು ಕರಗಿಸಿದ ನೀರು, ಮೂರನೆಯದಕ್ಕೆ ಒಂದು ಚಮಚದ್ದು, ನಾಲ್ಕನೆಯದಕ್ಕೆ ಎರಡು ಚಮಚದ್ದು. ಚಹಾದ ಚಮಚವನ್ನು ತುಂಬಿ ಮೇಲಿನದನ್ನು ಸವರಿ ತೆಗೆದರೆ ಹೆಚ್ಚುಕಡಿಮೆ 5ರಿಂದ 6 ಗ್ರಾಂ ಉಪ್ಪು ಬರುತ್ತದೆ. ಐದನೆಯದಕ್ಕೆ ನಿಮ್ಮದೇ ಬೋರ್‌ವೆಲ್ಲಿನ ನೀರು ಹಾಕಿಸಿ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಸ್ವಾರಸ್ಯದ ತಟ್ಟೆ ಅದೇ. ತಟ್ಟೆಗೆ 20 ಕಾಳಿನಂತೆ, ಮಡಿಸಿದ ಹಳೆಯ ಹತ್ತಿ ಬಟ್ಟೆಯ ಮೇಲೆ ಹರಡಿ, ಎಲ್ಲಕ್ಕೂ ಅಳೆದು ಒಂದೇ ಪ್ರಮಾಣದ ನೀರು ಹಾಕಿ, ನೀರು ಆರದಂತೆ ಮುಚ್ಚಿ ಒಂದೇ ಜಾಗದಲ್ಲಿ ಇಡಲಿ. ಕಾಳು ಮನೆಯಲ್ಲಿ ಊಟಕ್ಕೆ ಇಟ್ಟ ಜೋಳವೇ ಆಗಿರಲಿ. ಬಿತ್ತನೆಗೆಂದು ಬರುವ ಬಣ್ಣದ ಕಾಳಿಗೆ ಔಷಧ ಲೇಪಿಸಿರುತ್ತಾರೆ, ಅದನ್ನು ಮಗುವಿನ ಕೈಗೆ ಕೊಡಲೇಬೇಡಿ.

ಶುರು ಮಾಡುವ ಮುನ್ನ ಏನಾಗಬಹುದೆಂದು ಅವಳೇ ಊಹಿಸಿ ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಯಾವುದನ್ನು ಮೊಳೆತದ್ದು ಎನ್ನಬೇಕೆಂಬುದನ್ನೂ ಮೊದಲೇ ನಿರ್ಧರಿಸಿಕೊಳ್ಳಬೇಕು, ಬಿಳಿಯ ಬೇರಿನ ತುದಿ ಹೊರಗೆ ಕಂಡರೆ ಮೊಳೆತಂತೆ ಎಂದಿಟ್ಟುಕೊಂಡರೆ ಸಾಕು. ಇಲ್ಲವಾದರೆ ಇವತ್ತು ಉಬ್ಬಿದ ಕಾಳನ್ನೂ ಎಣಿಸಿ, ನಾಳೆ ಬೇರು ಬಂದದ್ದನ್ನಷ್ಟೇ ಎಣಿಸಿ, ಲೆಕ್ಕವೆಲ್ಲ ಕಲಸಿಹೋಗುತ್ತದೆ. ಪ್ರತಿದಿನ ಒಂದೇ ಹೊತ್ತಿಗೆ ಎಣಿಕೆ, ಆರು ದಿನ. 20ರಲ್ಲಿ ಎಷ್ಟು ಎಂದು ಹೇಳಿದರೆ ಸಾಕು, ಈ ವಯಸ್ಸಿಗೆ ಶೇಕಡಾ ಲೆಕ್ಕ ಬೇಡ.

ಮೂರು ವಾರ ಇದೆಯೆಂದು ಹದಿನೈದನೆಯ ದಿನಕ್ಕೆ ಶುರು ಮಾಡಬೇಡಿ. ಈ ವಾರವೇ ಬರಿಯ ನೀರಿನ ಒಂದು ತಟ್ಟೆ ಇಟ್ಟು ಕಾಳು ಮೊಳೆಯುತ್ತದೆಯೇ ಎಂದು ನೋಡಿಕೊಳ್ಳಿ, ಏಕೆಂದರೆ ಹುಳ ಹಿಡಿದ ಕಾಳಾದರೆ ತಪ್ಪು ಉಪ್ಪಿನದಲ್ಲ. ಮುಂದಿನ ವಾರ ಐದೂ ತಟ್ಟೆ. ಮೂರನೆಯ ವಾರ ಅದನ್ನೇ ಮತ್ತೊಮ್ಮೆ ಮಾಡಲಿ. ಎರಡು ಸಲದ ಎಣಿಕೆ ಒಂದೇ ಬಾರದಿದ್ದರೆ ಗಾಬರಿಯಾಗಬೇಡಿ, ಒಂದನ್ನು ಇನ್ನೊಂದಕ್ಕೆ ಸರಿಹೊಂದಿಸಲು ಹೋಗಬೇಡಿ. ಎರಡನ್ನೂ ಪಕ್ಕಪಕ್ಕಕ್ಕೆ ಬರೆಯಲಿ.

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರುತ್ತೇನೆ. ಕೆಲವು ವರ್ಷಗಳ ಹಿಂದೆ ಕೊಪ್ಪಳ ಜಿಲ್ಲೆಯ ಶಾಲೆಯೊಂದರ ಪ್ರದರ್ಶನಕ್ಕೆ ನನ್ನನ್ನು ತೀರ್ಪುಗಾರನಾಗಿ ಕರೆದಿದ್ದರು. ಎಲ್‌ಇಡಿ ದೀಪಗಳಿಂದ ಮಿನುಗುತ್ತಿದ್ದ ಮಾದರಿಗಳ ಸಾಲಿನ ಕೊನೆಯಲ್ಲಿ, ಎರಡು ಡಬ್ಬಿಗಳಲ್ಲಿ ಹೆಸರುಕಾಳಿನ ಸಸಿ ಇಟ್ಟುಕೊಂಡ ಹುಡುಗನೊಬ್ಬ ನಿಂತಿದ್ದ. ಅವನ ನೋಟ್‌ಬುಕ್ಕಿನಲ್ಲಿ ಒಂದು ಅಂಕಿಯ ಮೇಲೆ ಗೀರು ಎಳೆದಿತ್ತು, ಅವನು ಅದರ ಮೇಲೆ ಬೆರಳಿಟ್ಟು ಮುಚ್ಚಲು ನೋಡಿದ. ಕೇಳಿದ್ದಕ್ಕೆ, “ಅವತ್ತು ನೀರು ಹಾಕೋದು ಮರ್ತಿದ್ನಿರೀ ಸರ್, ಸಸಿ ಬಾಡಿತ್ತು” ಎಂದ. ಆಮೇಲೆ ತಾನಾಗಿಯೇ, ನೀರು ಹಾಕಿದ ಮೇಲೆ ಎಷ್ಟು ಹೊತ್ತಿಗೆ ಎದ್ದು ನಿಂತಿತು ಎಂಬುದನ್ನೂ ಹೇಳಿದ. ಆ ದಿನ ನಾನು ಕೇಳಿದ ಮಾತುಗಳಲ್ಲಿ ನಿಜವಾದ ವಿಜ್ಞಾನ ಅದೊಂದೇ ಆಗಿತ್ತು. ಮನೆಯಲ್ಲಿ ಯಾರಾದರೂ ಆ ಪುಟವನ್ನು ಹರಿದು ಚೆಂದದ ಅಕ್ಷರದಲ್ಲಿ ಬರೆದುಕೊಟ್ಟಿದ್ದರೆ ಅದು ನನಗೆ ಸಿಗುತ್ತಲೇ ಇರಲಿಲ್ಲ.

ಹಾಗಾಗಿ ಕಾಳು ಎಣಿಸುವುದು, ಬರೆಯುವುದು, ರಟ್ಟಿನ ಮೇಲೆ ಆ ಎಣಿಕೆಯನ್ನು ತೋರಿಸುವ ಕಂಬದ ಚಿತ್ರ (ಬಾರ್ ಗ್ರಾಫ್) ಗೀಚುವುದು ಪೂರ್ತಿ ಅವಳದು. ಅಕ್ಷರ ಸೊಟ್ಟಗಾದರೂ ಅವಳದೇ ಇರಲಿ. ಕತ್ತರಿ, ಬೆಂಕಿ, ಕರೆಂಟಿನ ಕೆಲಸವಿದ್ದರೆ ಅದು ನಿಮ್ಮದು. ಹೊತ್ತಿಗೆ ಸರಿಯಾಗಿ ನೆನಪಿಸುವುದೂ, ಅಡುಗೆಮನೆಯ ಒಂದು ಮೂಲೆಯನ್ನು ಎರಡು ವಾರ ಬಿಟ್ಟುಕೊಡುವುದೂ ನಿಮ್ಮದು. ಕಾಗುಣಿತ ತಪ್ಪಿದರೆ ತಿದ್ದಬಹುದು, ಅಂಕಿಯನ್ನು ಮಾತ್ರ ಮುಟ್ಟಬಾರದು. ಉತ್ತರ ಹೇಳಿಕೊಡುವ ಬದಲು ಕೇಳುತ್ತಿರಿ: “ಈ ತಟ್ಟೆಯಲ್ಲಿ ಯಾಕೆ ತಡವಾಯಿತು? ಬೋರಿನ ನೀರಿನದು ಯಾವ ತಟ್ಟೆಯ ಹಾಗಿದೆ?”

ಕಾರಣ ವಿವರಿಸುವುದಕ್ಕೆ ಹತ್ತನೇ ತರಗತಿಯ ಓದು ಸಾಲದು ಎಂದು ನೀವು ಅಳುಕುವ ಅಗತ್ಯವಿಲ್ಲ. ಉಪ್ಪಿನಕಾಯಿಗೆ ಹೆಚ್ಚಿದ ಮಾವಿನ ಹೋಳಿಗೆ ಉಪ್ಪು ಹಾಕಿಟ್ಟರೆ ರಾತ್ರಿ ಕಳೆಯುವುದರೊಳಗೆ ನೀರು ಬಿಡುವುದನ್ನು ನೀವು ಎಷ್ಟು ಸಲ ನೋಡಿಲ್ಲ! ಉಪ್ಪು ನೀರನ್ನು ತನ್ನ ಕಡೆಗೆ ಎಳೆಯುತ್ತದೆ. ಮೊಳೆಯಬೇಕಾದರೆ ಕಾಳು ಹೊರಗಿನ ನೀರನ್ನು ಒಳಕ್ಕೆ ಎಳೆದುಕೊಳ್ಳಬೇಕು; ಹೊರಗೆ ಉಪ್ಪು ಹೆಚ್ಚಿದಷ್ಟೂ ಆ ಎಳೆತ ಕಷ್ಟವಾಗುತ್ತದೆ, ಒಳಗೆ ಸೇರಿದ ಸೋಡಿಯಂ ಕೂಡ ಎಳೆಯ ಮೊಳಕೆಗೆ ಕೆಡುಕು ಮಾಡುತ್ತದೆ. ಒಂದು ಸೌತೆಕಾಯಿ ಹೋಳಿನ ಮೇಲೆ ಉಪ್ಪು ಉದುರಿಸಿ ಅವಳಿಗೆ ತೋರಿಸಿದರೆ ಉಳಿದದ್ದನ್ನು ಅವಳೇ ಹೇಳುತ್ತಾಳೆ.

ಬಹುಮಾನ ಬರುತ್ತದೆಯೆಂದು ನಾನು ಮಾತು ಕೊಡಲಾರೆ. ಮಿನುಗುವ ಮಾದರಿಗಳಿಗೇ ಬಹುಮಾನ ಹೋಗುವ ಶಾಲೆಗಳು ಈಗಲೂ ಇವೆ, ಮಕ್ಕಳನ್ನು ಮಾತಾಡಿಸದೆ ಅಂಕ ಕೊಡುವ ತೀರ್ಪುಗಾರರ ಮೇಲೆ ನನಗೆ ಸಿಟ್ಟೂ ಇದೆ. ಅದನ್ನು ಮಗಳಿಗೆ ಮೊದಲೇ ತಿಳಿಸಿ ಹೇಳಿ.

ಪ್ರದರ್ಶನಕ್ಕೆ ನಾಲ್ಕು ದಿನ ಮೊದಲು ಮತ್ತೊಮ್ಮೆ ಐದೂ ತಟ್ಟೆಗಳನ್ನು ಹೊಸದಾಗಿ ಹೂಡಿಸಿ. ಬಂದವರಿಗೆ ಬಾಡಿದ ಮೊಳಕೆಯ ಬದಲು ಹಸಿ ಮೊಳಕೆ ಕಾಣಲಿ. ಆ ದಿನ ನೀವು ಅವಳ ಮೇಜಿನಿಂದ ಸ್ವಲ್ಪ ದೂರ ನಿಲ್ಲಿ. ಅವಳು ತಡವರಿಸಿ ನಿಮ್ಮ ಕಡೆ ನೋಡಿದರೂ ಬಾಯಿ ಹಾಕಬೇಡಿ, ನೋಟ್‌ಬುಕ್ ಅವಳ ಮುಂದೆಯೇ ಇರುತ್ತದೆ. ಆಮೇಲೆ ಅವಳ ಎಣಿಕೆಯ ಪುಟವನ್ನು, ಗೀರು ಎಳೆದ ಅಂಕಿಗಳ ಸಮೇತ, ನಮಗೆ ಕಳುಹಿಸಿಕೊಡಿ. ನಿಮ್ಮ ಬೋರ್‌ವೆಲ್ಲಿನ ತಟ್ಟೆಯಲ್ಲಿ 20ರಲ್ಲಿ ಎಷ್ಟು ಎದ್ದವು ಎಂಬುದನ್ನು ತಿಳಿಯಲು ಕಾಯುತ್ತಿರುತ್ತೇನೆ.

– ಸಂಪಾದಕ